ಪಿರೇಯಸ್ಸಿನಿಂದ ಬರುವ ಶ್ರುತಿ

ಆಗಸ್ಟ್ ತಿಂಗಳಲ್ಲಿ ನಮ್ಮ ದ್ವೀಪಕ್ಕೆ ಮೈಮೇಲೆ ಎಚ್ಚರವಿರುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಕಿಟಕಿಗಳನ್ನೆಲ್ಲ ಮುಚ್ಚಿ ಊರು ಮಲಗಿತೆಂದರೆ ಆರರವರೆಗೆ ಬೆಕ್ಕು ಕೂಡ ಮಗ್ಗುಲು ಬದಲಿಸುವುದಿಲ್ಲ. ಎದ್ದ ಮೇಲೂ ಅರ್ಧ ಊರು ನಿದ್ದೆಯಲ್ಲೇ ನಡೆಯುತ್ತಿರುತ್ತದೆ. ಅಂಥ ಹೊತ್ತಿನಲ್ಲಿ, ಸರಿಯಾಗಿ ಆರೂವರೆಗೆ, ಪುರಸಭೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮೆಲ್ಪೊ ಚರ್ಚಿನೊಳಗೆ ಬಂದು, ಹಾಡುವವರು ನಿಲ್ಲುವ ಪೀಠದ ಪಕ್ಕದ ಸ್ಪೀಕರಿನ ಮುಂದೆ ನಿಂತು, "ಥ್ರಾಸೊ ಮಾಮ, ಇದ್ದೀಯಾ?" ಎಂದು ಕೇಳುತ್ತಿದ್ದಳು. ಕೊಂಚ ತಡೆದು ಸ್ಪೀಕರಿನಿಂದ ಒಂದು ಸ್ವರ ಬರುತ್ತಿತ್ತು. ಮಾತಲ್ಲ, ಬರೀ ಸ್ವರ. ಅಗಲವಾದದ್ದು, ತುಸು ಒರಟು, ಎಲ್ಲಿಂದ ಶುರುವಾಯಿತೆಂದು ಗೊತ್ತಾಗದ ಹಾಗೆ ಶುರುವಾಗಿ ಅಲ್ಲೇ ನಿಂತುಬಿಡುವಂಥದ್ದು. ಹಡಗಿನಲ್ಲಿ ಎಂಟು ಗಂಟೆ ದೂರದ, ಅಥೆನ್ಸಿನ ಬಂದರು ಪಿರೇಯಸ್ಸಿನಿಂದ ಮುದುಕನೊಬ್ಬ ತಾನಿದ್ದೇನೆ ಎಂದು ಹೇಳುತ್ತಿದ್ದ ಬಗೆ ಅದು.

ಮೆಲ್ಪೊಳ ಅಪ್ಪ ಅರ್ಗಿರಿಸ್ ನಮ್ಮ ಚರ್ಚಿನಲ್ಲಿ ನಲವತ್ತೊಂದು ವರ್ಷದಿಂದ ಹಾಡುತ್ತಿರುವವನು. ಅಷ್ಟೇ ವರ್ಷ ಅವನ ಎಡಗಡೆ ನಿಂತು ಶ್ರುತಿ ಹಿಡಿದವನು ಥ್ರಾಸಿವೂಲೊಸ್, ಊರಿನ ಬಾಯಲ್ಲಿ ಥ್ರಾಸೊ, ದೋಣಿಗಳಿಗೆ ಬಣ್ಣ ಬಳಿಯುವ ಕೆಲಸದವನು. ನಮ್ಮ ಚರ್ಚುಗಳಲ್ಲಿ ವಾದ್ಯವಿಲ್ಲ. ಹಾಡುವವನ ಕೆಳಗೆ ಇನ್ನೊಬ್ಬ ಮನುಷ್ಯ ಒಂದೇ ಸ್ವರವನ್ನು ನೆಲದ ಹಾಗೆ ಹಾಸಿಕೊಂಡು ನಿಲ್ಲುತ್ತಾನೆ. ತಂಬೂರಿಯ ಕೆಲಸವನ್ನು ಗಂಟಲು ಮಾಡುತ್ತದೆ ಅಂದುಕೊಳ್ಳಿ. ಹಾಡಿದವನನ್ನು ಹೊಗಳುವವರು ಊರತುಂಬ ಇದ್ದಾರೆ. ಶ್ರುತಿ ಹಿಡಿದವನನ್ನು ಯಾರೂ ಹೊಗಳುವುದಿಲ್ಲ, ಅವನು ತಪ್ಪಿದ ದಿನ ಮಾತ್ರ ಎಲ್ಲರ ಕತ್ತೂ ಅವನ ಕಡೆಗೇ ತಿರುಗುತ್ತದೆ. ಥ್ರಾಸೊ ಕಡೆಗೆ ಯಾರ ಕತ್ತೂ ತಿರುಗಿದ್ದು ನೆನಪಿಲ್ಲ.

ಕಳೆದ ಚಳಿಗಾಲದಲ್ಲಿ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಆಸ್ಪತ್ರೆಗೆ ಹತ್ತಿರವಾಗಲೆಂದು ಹೆಂಡತಿ ಅನೆಝಿನಾ ಅವನನ್ನು ಪಿರೇಯಸ್ಸಿಗೆ, ತನ್ನ ತಂಗಿಯ ಮನೆಯ ಮಹಡಿಯ ಎರಡು ಕೋಣೆಗಳಿಗೆ ಕರೆದುಕೊಂಡು ಹೋದಳು. ನೀರು ಬೇಕಾದರೂ ಅವನು ಬೆರಳು ತೋರಿಸಬೇಕು. ಆದರೆ ಒಂದು ಭಾನುವಾರ ಆ ಬೀದಿಯ ಚರ್ಚಿನ ಗಂಟೆ ಬಾರಿಸಿದಾಗ ಮುದುಕ ಕುರ್ಚಿಯಲ್ಲಿ ಕುಳಿತಲ್ಲೇ ಸ್ವರ ಹಿಡಿದ. ಮಾತನ್ನು ಕಿತ್ತುಕೊಂಡ ಕಾಯಿಲೆ ಅದೊಂದನ್ನು ಮಾತ್ರ ಮುಟ್ಟಿರಲಿಲ್ಲ. ಅನೆಝಿನಾ ಫೋನಿನಲ್ಲಿ ಈ ಸುದ್ದಿ ಹೇಳುತ್ತ ಅತ್ತಳು, ಇತ್ತ ಮೆಲ್ಪೊಳ ಅಪ್ಪನೂ ಅತ್ತ. ಆಮೇಲೆ ಮಗಳ ಕಡೆ ತಿರುಗಿ, ಇಡೀ ಪುರಸಭೆಯನ್ನೇ ತಂತಿಯಲ್ಲಿ ಕಟ್ಟಿಹಾಕಿದ್ದೀಯಲ್ಲ, ಅವನನ್ನೊಬ್ಬನನ್ನು ಇಲ್ಲಿಗೆ ತರಲು ಆಗುವುದಿಲ್ಲವೇ ಎಂದು ಕೇಳಿದ.

ಮೆಲ್ಪೊ ಮೊದಲು ಫೋನಿನಲ್ಲೇ ಪ್ರಯತ್ನಿಸಿದಳು. ಅದು ನಗೆಪಾಟಲಾಯಿತು. ಏರಿಳಿತವಿಲ್ಲದೆ ಒಂದೇ ಸಮನೆ ಬರುವ ದನಿಯನ್ನು ಫೋನು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಹಾಕುತ್ತಿತ್ತು. ಮುದುಕ ಕೆಮ್ಮಿದರೆ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಸ್ವರ ಹಿಡಿದರೆ ಏನೂ ಇಲ್ಲ. ಕೊನೆಗೆ ಅವಳು ಎರಡೂ ಕಡೆ ಒಂದೊಂದು ಪುಟ್ಟ ಪೆಟ್ಟಿಗೆಯಿಟ್ಟು ನಡುವೆ ವಿಪಿಎನ್ ಹಾಕಿದಳು. ಲೋಕದ ಎಲ್ಲ ಗದ್ದಲದ ನಡುವೆ ಈ ಎರಡು ಪೆಟ್ಟಿಗೆಗಳಿಗೆ ಮಾತ್ರ ಸೇರಿದ ಸುರಂಗ ಅದು, ದನಿಯನ್ನು ಅತ್ತಿತ್ತ ಮುಟ್ಟದೆ ಇದ್ದ ಹಾಗೇ ಸಾಗಿಸುವಂಥದ್ದು. ಅಪ್ಪ ಅದನ್ನು ಕೊಳವೆ ಎಂದು ಕರೆದ, ಊರೂ ಹಾಗೇ ಕರೆಯಿತು. ಸ್ವರ ಅರ್ಧ ಕ್ಷಣ ತಡವಾಗಿ ಬರುತ್ತಿತ್ತು ನಿಜ, ಆದರೆ ನಿಂತ ನೀರಿಗೆ ತಡವೇನು, ಬೇಗವೇನು. ಶ್ರುತಿ ಬದಲಿಸಬೇಕಾದ ಎರಡು ಮೂರು ಜಾಗಗಳು ಥ್ರಾಸೊಗೆ ಬಾಯಿಪಾಠವಾಗಿದ್ದವು. ಚರ್ಚಿನ ಸದ್ದೂ ಅದೇ ಕೊಳವೆಯಲ್ಲಿ ಅವನ ಕುರ್ಚಿಯ ಪಕ್ಕಕ್ಕೆ ಹೋಗುತ್ತಿತ್ತು.

ಮಧ್ಯಾಹ್ನದ ನಿದ್ದೆಯಲ್ಲಿ ಮೆಲ್ಪೊಗೆ ಆ ಕೊಳವೆ ಕಾಣಿಸುತ್ತಿತ್ತು. ಸಮುದ್ರದ ತಳದಲ್ಲಿ ನಸುಹಸಿರು ಬೆಳಕಿನ ಉದ್ದನೆಯ ಓಣಿ, ಅದರೊಳಗೆ ಥ್ರಾಸೊ ಮಾಮ ಬಣ್ಣ ಮೆತ್ತಿದ ಕೆಲಸದ ಬಟ್ಟೆಯಲ್ಲೇ ನಡೆದು ಬರುತ್ತಿರುತ್ತಿದ್ದ. ಮೀನುಗಳು ಗೋಡೆಗೆ ಮೂತಿ ಒತ್ತಿ ನೋಡುತ್ತಿದ್ದವು. ಅವನಿಗೆ ಅವಸರವಿರಲಿಲ್ಲ. ನಡುನಡುವೆ ದೀಪ ಆರಿ ಕತ್ತಲಾದರೆ ಅವನು ನಿಂತಲ್ಲೇ ನಿಂತು, ಮತ್ತೆ ಹೊತ್ತಿದ ಮೇಲೆ ಮುಂದೆ ಹೆಜ್ಜೆಯಿಡುತ್ತಿದ್ದ. ಎದ್ದ ಮೇಲೂ ಬಹಳ ಹೊತ್ತು ಅವಳಿಗೆ ತಾನು ನೆಲದ ಮೇಲಿದ್ದೇನೆಂದು ನಂಬಿಕೆ ಬರುತ್ತಿರಲಿಲ್ಲ.

ದೀಪ ಆರುವುದು ಬರೀ ಕನಸಾಗಿರಲಿಲ್ಲ. ಆಗಸ್ಟ್ ಒಂದರಿಂದ ಹದಿನಾಲ್ಕರವರೆಗೆ ಸಂಜೆ ಏಳಕ್ಕೆ ನಮ್ಮಲ್ಲಿ ಮಾತೆ ಮರಿಯಳಿಗೆ ಬಿನ್ನಹದ ಹಾಡುಗಳು. ಸಮುದ್ರದಿಂದ ಮೇಲೆದ್ದು ಬಂದ ಪ್ರವಾಸಿಗಳೆಲ್ಲ ತೇವದ ಚಡ್ಡಿಯಲ್ಲೇ ಕುಳಿತು ತಮ್ಮ ಬೆನ್ನು ಎಷ್ಟು ಕೆಂಪಾಗಿದೆಯೆಂದು ಲೋಕಕ್ಕೆ ಫೋಟೊ ಕಳಿಸುವುದೂ ಅದೇ ಏಳಕ್ಕೆ. ದ್ವೀಪಕ್ಕಿರುವುದು ಒಂದೇ ಮೊಬೈಲ್ ಗೋಪುರ, ಅದು ಎಷ್ಟೆಂದು ಹೊತ್ತೀತು. ಕೊಳವೆ ಕಡಿದುಹೋಗುತ್ತಿತ್ತು. ಮೊದಲ ಸಂಜೆ ಮೆಲ್ಪೊ ಮೇಣದಬತ್ತಿಗಳ ನಡುವೆ ಓಡಿ ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿ ಮಾಡಿದಳು. ಎರಡನೆಯ ದಿನದಿಂದ ಆ ಕೆಲಸಕ್ಕೆ ಒಬ್ಬ ಕಾವಲುಗಾರನನ್ನಿಟ್ಟಳು. ಕಾವಲುಗಾರ ಅಂದರೆ ಪೆಟ್ಟಿಗೆಯೊಳಗೆ ಅವಳೇ ಬರೆದಿಟ್ಟ ಹತ್ತಿಪ್ಪತ್ತು ಸಾಲುಗಳು. ಅವನು ಐದು ಸೆಕೆಂಡಿಗೊಮ್ಮೆ ಆ ಕಡೆಯ ಪೆಟ್ಟಿಗೆಯನ್ನು 'ಇದ್ದೀಯಾ' ಎಂದು ಕೇಳುವುದು, ಮೂರು ಸಲ ಉತ್ತರ ಬರದಿದ್ದರೆ ಸುರಂಗವನ್ನು ಕೆಡವಿ ಮತ್ತೆ ಕಟ್ಟುವುದು, ಕಟ್ಟಿದ್ದನ್ನು ಒಂದು ಕಡೆ ಬರೆದಿಡುವುದು. ಒಟ್ಟು ಇಪ್ಪತ್ತೆರಡು ಸೆಕೆಂಡು. ಕೆಲವು ಸಲ ಆ ಕಡೆಯ ಪೆಟ್ಟಿಗೆ ಇದ್ದೇನೆ ಇದ್ದೇನೆ ಎನ್ನುತ್ತಲೇ ದನಿಯನ್ನು ಮಾತ್ರ ನುಂಗಿಬಿಡುತ್ತಿತ್ತು. ಅದಕ್ಕೆ ಅವಳು ಕಾವಲುಗಾರನ ಪಾಠ ಬದಲಿಸಿದಳು. ಪೆಟ್ಟಿಗೆಯ ಮಾತು ನಂಬಬೇಡ, ಸ್ಪೀಕರಿಗೇ ಕಿವಿಯಿಡು, ಅಲ್ಲಿ ಸದ್ದಿಲ್ಲದಿದ್ದರೆ ಕೊಳವೆ ಕಡಿದಿದೆಯೆಂದು ತಿಳಿ.

ಇಪ್ಪತ್ತೆರಡು ಸೆಕೆಂಡು ಪುರಸಭೆಗೆ ಏನೂ ಅಲ್ಲ. ಹಾಡುವವನಿಗೆ ಅದು ಕಾಲಕೆಳಗಿನ ನೆಲವೇ ಸರಿದ ಹಾಗೆ. ಎಪ್ಪತ್ತಾರರ ಅಪ್ಪನ ಕಿವಿ ಮೊದಲಿನಂತಿರಲಿಲ್ಲ. ಶ್ರುತಿ ನಿಂತ ಕೂಡಲೇ ಅವನ ದನಿ ಗೊತ್ತಿಲ್ಲದೆ ಮೇಲೆ ಮೇಲೆ ತೇಲಿ ಹೋಗುತ್ತಿತ್ತು, ಥ್ರಾಸೊ ಮರಳಿ ಬಂದಾಗ ಇಬ್ಬರೂ ಬೇರೆ ಬೇರೆ ಊರಿನಲ್ಲಿರುತ್ತಿದ್ದರು. ಮುಂದಿನ ಸಾಲಿನ ಹೆಂಗಸರು ಬೀಸಣಿಗೆಯ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಆರನೆಯ ಸಂಜೆ ಹೀಗೆ ನಾಲ್ಕು ಸಲವಾಯಿತು. ಪೂಜೆ ಮುಗಿದ ಮೇಲೆ ಪಾದ್ರಿ ಯಾಕೊವೊಸ್ ಅಪ್ಪನನ್ನು ಪಕ್ಕಕ್ಕೆ ಕರೆದು, ಅಥೆನ್ಸಿನಲ್ಲಿ ಶ್ರುತಿ ಹಿಡಿಯುವ ಯಂತ್ರ ಸಿಗುತ್ತದಂತೆ, ಎಷ್ಟೋ ಚರ್ಚಿನವರು ತಂದಿಟ್ಟುಕೊಂಡಿದ್ದಾರಂತೆ ಎಂದು ಮೆಲ್ಲಗೆ ಹೇಳಿದರು.

"ಬೇಡ ಪಾದ್ರಿಗಳೇ," ಅಂದ ಅಪ್ಪ. "ಅವನಿಗೆ ಉಳಿದಿರೋದೇ ಅದೊಂದು. ಅದನ್ನೂ ಯಂತ್ರಕ್ಕೆ ಕೊಟ್ಬಿಟ್ರೆ ಅವ್ನೇನ್ ಮಾಡ್ಬೇಕು, ಗೋಡೆ ನೋಡ್ಕೊಂಡು ಕೂರಬೇಕಾ?"

ಪಾದ್ರಿಗಳು ಒಳ್ಳೆಯವರು, ಆದರೆ ಹದಿನೈದರ ಮಾತೆಯ ದೊಡ್ಡ ಹಬ್ಬ ಹತ್ತಿರವಿತ್ತು. ಇನ್ನೆರಡು ಸಂಜೆ ನೋಡೋಣ, ಆಮೇಲೂ ಹೀಗೇ ಆದರೆ ಯಂತ್ರಕ್ಕೆ ಹೇಳಿಬಿಡುತ್ತೇನೆ ಎಂದರು. ಅಂದು ರಾತ್ರಿ ಅಪ್ಪ ಉಪವಾಸದ ಕಡಲೆಸಾರನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮೆಲ್ಪೊ ಮಾಡಿದ ತಪ್ಪು ಪ್ರೀತಿಯಿಂದ ಮಾಡಿದ್ದು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನಲ್ಲಿ ಆಮೇಲೆ ಬೇರೆ ಬೇರೆ ಥರ ಆಡಿಕೊಂಡರು. ಅವಳ ಬಳಿ ಥ್ರಾಸೊ ಮಾಮನ ದನಿಯ ಹಳೆಯ ದಾಖಲೆಗಳಿದ್ದವು. ಅದರಲ್ಲಿ ಹದವಾದ ನಲವತ್ತು ಸೆಕೆಂಡು ಆರಿಸಿ, ತುದಿಗೆ ತುದಿ ಸೇರಿಸಿ, ಕೊಳವೆ ಕಡಿದ ಕೂಡಲೇ ಅದು ತಾನಾಗಿ ಸ್ಪೀಕರಿನಲ್ಲಿ ಹರಿಯುವಂತೆ ಮಾಡಿದಳು. ಇಪ್ಪತ್ತೆರಡು ಸೆಕೆಂಡಿನ ಹಳ್ಳಕ್ಕೊಂದು ಹಲಗೆ, ಅಷ್ಟೇ. ಅದೂ ಅವನದೇ ಗಂಟಲಿನದು, ಪರರದಲ್ಲ. ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಏಳನೆಯ ಸಂಜೆ ಮೂರು ಸಲ ಕಡಿಯಿತು, ಯಾರಿಗೂ ಗೊತ್ತಾಗಲಿಲ್ಲ. ಎಂಟನೆಯ ಸಂಜೆಯಂತೂ ಶ್ರುತಿ ಒಂದೇ ಒಂದು ಸಲ ನಡುಗಲಿಲ್ಲ. ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಧೂಪದ ಹೊಗೆ ಮಲಗಿತ್ತು, ಆ ಒಂದು ಸ್ವರ ಎಲ್ಲರನ್ನೂ ಮಡಿಲಲ್ಲಿ ಹಾಕಿಕೊಂಡು ತೂಗುವಂತಿತ್ತು. ಅಪ್ಪ ಹತ್ತು ವರ್ಷದಿಂದ ಹಾಡಿರದ ಹಾಗೆ ಹಾಡಿದ. ಪಾದ್ರಿಗಳು ಕಾಯಿಲೆಯವರ ಹೆಸರುಗಳನ್ನು ಓದುತ್ತ ಥ್ರಾಸಿವೂಲೊಸ್ ಎಂದಾಗ ಮೆಲ್ಪೊಳ ಕಣ್ಣು ತುಂಬಿತು. ತಾನು ಏನೋ ಒಂದನ್ನು ಕೊನೆಗೂ ಸರಿ ಮಾಡಿದೆ ಅನ್ನಿಸಿತು ಅವಳಿಗೆ.

ಮನೆಗೆ ಹೋಗುವಾಗ ಅಪ್ಪ ಗೋಡೆಯಾಚೆಯ ಮರದಿಂದ ಎರಡು ಅಂಜೂರ ಕಿತ್ತು ಒಂದನ್ನು ಅವಳಿಗೆ ಕೊಟ್ಟ. "ನೋಡ್ದ್ಯಾ ಅವನ್ನ? ಒಂದ್ಸಲಾನೂ ಬಿಡಲಿಲ್ಲ. ಮೂರನೇ ಹಾಡಲ್ಲಿ ಕೆಳಗಿಳೀಬೇಕಿತ್ತು, ಮರ್ತುಬಿಟ್ಟ ಪಾಪ. ಹೋಗ್ಲಿ ಬಿಡು, ಅಂಥ ಹೊಡ್ತ ತಿಂದೋನು."

ಅಂಜೂರದ ಹಾಲು ಅಂಟಿದ ಬೆರಳಲ್ಲೇ ಅವಳು ಫೋನೆತ್ತಿಕೊಂಡಳು. ಅನೆಝಿನಾ ಕರೆ ಮಾಡಿದ್ದಳು.

"ಮೆಲ್ಪೊ, ಇವತ್ತು ಪೂಜೆ ಇರಲಿಲ್ವೇನೇ?"

"ಇತ್ತಲ್ಲ ಅತ್ತೆ. ಈಗ ಮುಗೀತು."

ಅನೆಝಿನಾ ದನಿ ತಗ್ಗಿಸಿದಳು. "ನಮಗೆ ಏನೂ ಕೇಳಿಸ್ಲಿಲ್ಲ. ಶುರುವಾಗಿ ಐದು ನಿಮಿಷಕ್ಕೆ ಪೆಟ್ಟಿಗೆ ಮೂಕವಾಯ್ತು. ಆದ್ರೂ ಅವರು ನಿಲ್ಲಿಸಲಿಲ್ಲ ಕಣೇ. ದಿನಾ ಹೋಗಿ ಬರುತ್ತಲ್ಲ, ಈಗ ಬರುತ್ತೆ ಈಗ ಬರುತ್ತೆ ಅಂತ ಮುಕ್ಕಾಲು ಗಂಟೆ ಸ್ವರ ಹಿಡ್ಕೊಂಡೇ ಕೂತಿದ್ರು. ನೀರು ಕೊಟ್ರೆ ಕೈ ತಳ್ಳಿದ್ರು. ಈಗ ಗೋಡೆ ಕಡೆ ತಿರುಗಿ ಮಲಗಿದಾರೆ."

ಮೆಲ್ಪೊ ಏನು ಹೇಳಿ ಫೋನಿಟ್ಟಳೋ ಅವಳಿಗೇ ನೆನಪಿಲ್ಲ. ಅಪ್ಪ ಮುಂದೆ ಮುಂದೆ, ಇನ್ನೂ ಗುನುಗುತ್ತ ಹೋಗುತ್ತಿದ್ದ.

ಮರುದಿನ ಮಧ್ಯಾಹ್ನ ಊರೆಲ್ಲ ಮಲಗಿದ್ದಾಗ ಅವಳು ಚರ್ಚಿಗೆ ಹೋಗಿ ಕಾವಲುಗಾರನ ದಾಖಲೆ ತೆರೆದಳು. ಐದೈದು ಸೆಕೆಂಡಿಗೆ ಒಂದೊಂದು ಸಾಲು, ಕೊನೆಯವರೆಗೂ ಒಂದೇ ಮಾತು: ಸದ್ದಿದೆ, ಎಲ್ಲ ಸರಿ. ಸದ್ದಿದೆ, ಎಲ್ಲ ಸರಿ. ಕಾವಲುಗಾರ ಸುಳ್ಳು ಹೇಳಿರಲಿಲ್ಲ. ಅವಳು ಹೇಳಿಕೊಟ್ಟ ಹಾಗೆ ಸ್ಪೀಕರಿಗೆ ಕಿವಿಯಿಟ್ಟಿದ್ದ, ಅಲ್ಲಿ ಅವಳೇ ಹಾಕಿದ ಹಳೆಯ ಸ್ವರ ಹರಿಯುತ್ತಿತ್ತು. ಅದನ್ನು ಕೇಳಿ ಕೊಳವೆ ನೆಟ್ಟಗಿದೆಯೆಂದು ನಂಬಿ, ಕಡಿದದ್ದನ್ನು ಕಟ್ಟದೆ ಸುಮ್ಮನೆ ಕುಳಿತಿದ್ದ. ಏಳನೆಯ ಸಂಜೆ ಕೊಳವೆ ಮೂರು ಸಲವೂ ತಾನಾಗೇ ಚೇತರಿಸಿಕೊಂಡಿತ್ತು, ಎಂಟನೆಯ ಸಂಜೆ ಚೇತರಿಸಿಕೊಳ್ಳಲಿಲ್ಲ. ಖಾಲಿ ಚರ್ಚಿನ ತಂಪುಕಲ್ಲಿನ ಮೇಲೆ ಕುಳಿತು ಮೆಲ್ಪೊ ಆ ಸಾಲುಗಳನ್ನು ಕೊನೆಯವರೆಗೂ ಓದಿದಳು. ತನ್ನ ಮೇಲೆ ಅವಳಿಗೆ ಅಸಹ್ಯವಾಯಿತು.

ಹಲಗೆಯಾಗಿ ಹಾಕಿದ್ದ ಆ ಹಳೆಯ ಸ್ವರವನ್ನು ಅಳಿಸಿಹಾಕಿದಳು. ಪಿರೇಯಸ್ಸಿನಿಂದ ಬರುವ ದನಿಯನ್ನು ಬಿಟ್ಟು ಬೇರೆ ಯಾವುದನ್ನೂ ನಂಬಕೂಡದೆಂದು ಕಾವಲುಗಾರನಿಗೆ ಮತ್ತೆ ಪಾಠ ಬರೆದಳು. ಆಮೇಲೆ ಮನೆಗೆ ಹೋಗಿ, ಕತ್ತಲು ಮಾಡಿಕೊಂಡು ಮಲಗಿದ್ದ ಅಪ್ಪನ ಮಂಚದ ತುದಿಯಲ್ಲಿ ಕುಳಿತು, ಒಂದೂ ಬಿಡದೆ ಹೇಳಿದಳು.

ಅವನು ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ. ಕಿಟಕಿಯ ಸೀಳಿನಿಂದ ಬಂದ ಬೆಳಕಿನ ಗೆರೆ ಅವನ ಎದೆಯ ಮೇಲೆ ಏರಿ ಇಳಿಯುತ್ತಿತ್ತು.

"ಇಳೀಬೇಕಾದ ಕಡೆ ಅವನು ಇಳೀಲಿಲ್ಲ," ಅಂದ ಕೊನೆಗೆ. "ನನಗೆ ಗೊತ್ತಾಯ್ತು. ಗೊತ್ತಾಗಿಯೂ, ಮರ್ತುಬಿಟ್ಟ ಅಂತ ಅವನ ತಲೆಗೇ ಕಟ್ಟಿದೆ. ಥ್ರಾಸೊ ಮರೆಯೋನಲ್ಲ ಅಂತ ನಂಗೆ ಹೊಳೀಬೇಕಿತ್ತು, ಮೆಲ್ಪೊ. ನಿಂದು ದೊಡ್ಡ ತಪ್ಪಲ್ಲ. ನೀನು ಪೆಟ್ಟಿಗೆಗೆ ಮೋಸ ಮಾಡಿದೆ. ನಾನು ನಲವತ್ತೊಂದು ವರ್ಷ ಜೊತೆಗಿದ್ದೋನು, ಪಕ್ಕದಲ್ಲಿ ಅವನಿಲ್ಲ ಅನ್ನೋದೇ ನಂಗೆ ತಿಳೀಲಿಲ್ಲ."

ಫೋನು ಮಾಡಿಸಿದ. ಅನೆಝಿನಾ ಅದನ್ನು ಗಂಡನ ಕಿವಿಗೆ ಹಿಡಿದಳು. ಅಪ್ಪ ನಡೆದದ್ದನ್ನೆಲ್ಲ ಸಣ್ಣ ಹುಡುಗನ ಹಾಗೆ ಒಪ್ಪಿಸಿದ, ಯಂತ್ರ ಬೇಡವೆಂದು ಪಾದ್ರಿಗೆ ಹೇಳಿದವನೇ ಯಂತ್ರದ ಜೊತೆ ಖುಷಿಯಾಗಿ ಹಾಡಿ ಬಂದೆ ಎಂದೂ ಹೇಳಿದ. ಆ ಕಡೆಯಿಂದ ಸ್ವರ ಬರಲಿಲ್ಲ, ಉಸಿರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅನೆಝಿನಾ ಫೋನು ತೆಗೆದುಕೊಂಡು, ತಲೆಯ ಮೇಲೆ ಹೊದಿಕೆ ಎಳೆದುಕೊಂಡಿದ್ದಾರೆ ಎಂದಳು. ಸಂಜೆ ಪೆಟ್ಟಿಗೆ ಮುಂದೆ ಕೂರುತ್ತಾರೋ ಇಲ್ಲವೋ ತನಗೆ ಗೊತ್ತಿಲ್ಲವೆಂದಳು.

ಅಂದು ಆರೂವರೆಗೆ ಮೆಲ್ಪೊ ಸ್ಪೀಕರಿನ ಮುಂದೆ ನಿಂತು ಕೇಳಿದಳು. ಉತ್ತರವಿಲ್ಲ. ಕೊಳವೆ ಮಾತ್ರ ಗಟ್ಟಿಯಾಗಿತ್ತು. ಪಿರೇಯಸ್ಸಿನ ಕೋಣೆ ಪೂರ್ತಿ ಕೇಳಿಸುತ್ತಿತ್ತು. ಬೀದಿಯಲ್ಲಿ ಸ್ಕೂಟರು, ಅನೆಝಿನಾಳ ಚಪ್ಪಲಿ, ಎಲ್ಲೋ ಒಂದು ನಲ್ಲಿ. ಕುರ್ಚಿ ಕಿರುಗುಟ್ಟಿತೆನಿಸಿತು, ಅಥವಾ ಅವಳೇ ಹಾಗೆ ಬಯಸಿದಳು.

ಏಳಕ್ಕೆ ಚರ್ಚು ತುಂಬಿತು. ಪಾದ್ರಿಗಳು ಮೊದಲ ಮಾತು ಹೇಳಿ ನಿಲ್ಲಿಸಿದರು, ಅಪ್ಪ ಎತ್ತಿಕೊಳ್ಳಬೇಕು. ಅವನು ಎತ್ತಿಕೊಳ್ಳಲಿಲ್ಲ. ಪುಸ್ತಕ ಮುಚ್ಚಿ, ಪೀಠದ ಮೈಕಿನ ಕಡೆ ಬಾಗಿದ. ಪಾದ್ರಿಗಳು ಬಲಿಪೀಠದ ಬಾಗಿಲ ಪರದೆಯಿಂದ ಇಣುಕಿ ನೋಡಿದರು.

"ಥ್ರಾಸೊ," ಅಂದ ಅಪ್ಪ, ಎಲ್ಲರೂ ಕೇಳುವ ಹಾಗೆ. "ಇಷ್ಟು ವರ್ಷ ನಾನು ಹಿಡಿದ ಕಡೆ ನೀನು ಬಂದೆ. ಇವತ್ತು ನೀನು ಹಿಡಿ, ನಾನು ಬರ್ತೀನಿ. ಹಿಡಿಯೋವರೆಗೂ ನಾನು ಬಾಯಿ ತೆರೆಯಲ್ಲ."

ಬೀಸಣಿಗೆಗಳು ನಿಂತವು. ಬೆಳಕು ನೆಲದ ಮೇಲೆ ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಸರಿಯಿತು. ಪಾದ್ರಿಗಳಿಗೆ ಸಿಟ್ಟು ಬಂದಿದ್ದರೂ ಬಂದಿರಬಹುದು, ಆದರೆ ಮಾತಾಡಲಿಲ್ಲ. ಸ್ಪೀಕರಿನಲ್ಲಿ ನಲ್ಲಿ ಹನಿಯುವುದು ಇಡೀ ಊರಿಗೆ ಕೇಳಿಸುತ್ತಿತ್ತು.

ಆಮೇಲೆ ಅದು ಬಂತು. ಎಂದಿನ ಸ್ವರವಲ್ಲ. ಬಹಳ ಕೆಳಗೆ, ಬಾವಿಯ ತಳದಿಂದ ಎದ್ದ ಹಾಗೆ, ಮಧ್ಯಾಹ್ನವೆಲ್ಲ ಹೊದಿಕೆಯಡಿ ಒಣಗಿದ ಗಂಟಲಿನದು. ಅಷ್ಟು ತಗ್ಗಿನಲ್ಲಿ ಅಪ್ಪ ಹಾಡಿ ಗೊತ್ತೇ ಇರಲಿಲ್ಲ. ಅವನು ಕಣ್ಣು ಮುಚ್ಚಿ, ಮೆಟ್ಟಿಲನ್ನು ಕಾಲಲ್ಲಿ ತಡಕುವವನ ಹಾಗೆ ಇಳಿದ, ಇಳಿದು ಅಲ್ಲಿಂದಲೇ ಶುರುಮಾಡಿದ. ಕೆಳಗಿನ ಸ್ವರಗಳಲ್ಲಿ ಅವನ ದನಿ ಒಡೆಯುತ್ತಿತ್ತು, ಬರೀ ಗಾಳಿ ಬರುತ್ತಿತ್ತು. ಅವನು ಬಿಡಲಿಲ್ಲ. ಮೂರನೆಯ ಹಾಡಿನಲ್ಲಿ ಶ್ರುತಿ ಇಳಿಯಬೇಕಾದ ಕಡೆ ಇಳಿಯಿತು. ಅಪ್ಪನ ಕೆನ್ನೆ ಒದ್ದೆಯಾಗಿತ್ತು.

ನಾಲ್ಕನೆಯ ಹಾಡಿನ ನಡುವೆ, ಒಂದು ಪದದ ಅರ್ಧದಲ್ಲಿ, ಕೊಳವೆ ಕಡಿಯಿತು. ಆ ಕ್ಷಣಕ್ಕೇ ಅಪ್ಪ ನಿಲ್ಲಿಸಿದ. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಮೆಲ್ಪೊ ಪೆಟ್ಟಿಗೆಯ ಕಡೆ ಓಡಲಿಲ್ಲ. ಕೈಗಳನ್ನು ಒಂದರೊಳಗೊಂದು ಸೇರಿಸಿಕೊಂಡು ನಿಂತಳು. ಕಾವಲುಗಾರ ಒಮ್ಮೆ ಕರೆದಿರಬೇಕು, ಎರಡನೆಯ ಸಲ, ಮೂರನೆಯ ಸಲ. ಹೆಂಗಸರು, ಮೀನುಗಾರರು, ಬಾಗಿಲಲ್ಲಿ ತೇವದ ಟವೆಲು ಹೊದ್ದು ನಿಂತ ಇಬ್ಬರು ಪರದೇಶಿಗಳು, ಯಾರೂ ಕೆಮ್ಮಲಿಲ್ಲ.

ಕೊಳವೆ ಮತ್ತೆ ತೆರೆದಾಗ ಪಿರೇಯಸ್ಸಿನ ಕುರ್ಚಿಯಲ್ಲಿದ್ದ ಮುದುಕ ಸ್ವರ ಹಿಡಿದೇ ಇದ್ದ, ಹಿಡಿದೇ ಇರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಇಷ್ಟು ದಿನ ಹೀಗೆ ತೆರೆದಾಗಲೆಲ್ಲ ಅವನಿಗೆ ಕೇಳಿಸುತ್ತಿದ್ದದ್ದು ತನ್ನನ್ನು ಬಿಟ್ಟು ಮುಂದೆ ಹೋದ ಹಾಡು. ಈ ಸಲ ಏನೂ ಕೇಳಿಸಲಿಲ್ಲ. ನೂರು ಜನ ಅವನಿಗಾಗಿ ಕಾದು ಸುಮ್ಮನೆ ನಿಂತಿದ್ದರು. ಶ್ರುತಿ ಒಂದು ಸಲ ಅಲುಗಿತು, ನಲವತ್ತೊಂದು ವರ್ಷದಲ್ಲಿ ಮೊದಲ ಸಲ. ಅದು ನಗುವೋ ಅಳುವೋ ಮೆಲ್ಪೊಗೆ ತಿಳಿಯಲಿಲ್ಲ. ಅದು ಮತ್ತೆ ನೆಟ್ಟಗಾಗುವವರೆಗೆ ಅಪ್ಪ ಕಾದ, ಆಮೇಲೆ ಆ ಪದದ ಉಳಿದ ಅರ್ಧವನ್ನು ಹಾಡಿದ.